ಶುಭ ಶುಕ್ರವಾರದ ಶಿಫ್ಟು

ನನಗೆ ಬಾಯಿ ಜಾಸ್ತಿ ಎಂದು ತವರಿನಲ್ಲೂ ಅನ್ನುತ್ತಿದ್ದರು, ಗಂಡನ ಮನೆಯಲ್ಲೂ ಅನ್ನುತ್ತಿದ್ದರು. ಸುಳ್ಳೇನಲ್ಲ. ನಲ್ಲಿಯ ಹತ್ತಿರ ಯಾರಾದರೂ ನನ್ನ ಕೊಡವನ್ನು ಹಿಂದಕ್ಕೆ ತಳ್ಳಿದರೆ ಅವರ ಅಜ್ಜ ಮುತ್ತಜ್ಜರನ್ನೆಲ್ಲ ಎಬ್ಬಿಸಿ ಬೈದು ಮತ್ತೆ ಮಲಗಿಸುತ್ತಿದ್ದೆ. ಅಂಥ ಬಾಯಿ ಒಂದು ಮಧ್ಯಾಹ್ನ ಮುಚ್ಚಿಕೊಂಡಿತು. ಮಾತಾಡಲೇಬೇಕಾಗಿದ್ದ ಮಧ್ಯಾಹ್ನ ಅದು. ವಯಸ್ಸಾಯಿತು, ಎಷ್ಟೋ ಮರೆತಿದ್ದೇನೆ. ಅದೊಂದನ್ನು ಮರೆತಿಲ್ಲ.

ನಾನು ಬಂಗಾರಪೇಟೆಯವಳು. ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ತಾತನ ಕಾಲಕ್ಕೇ ನಮ್ಮ ಮನೆತನದವರು ಕ್ರೈಸ್ತರಾಗಿದ್ದರು. ಐವತ್ತರ ದಶಕದ ಕೊನೆಗೆ ನನ್ನನ್ನು ಕೆ.ಜಿ.ಎಫ್.ಗೆ ಕೊಟ್ಟರು. ಗಂಡನಿಗೆ ಚಿನ್ನದ ಗಣಿಯಲ್ಲಿ, ಭೂಮಿಯ ಹೊಟ್ಟೆಯೊಳಗೆ ಬಂಡೆಗೆ ತೂತು ಕೊರೆಯುವ ಕೆಲಸ. ಚಾಂಪಿಯನ್ ರೀಫ್ಸ್‌ನ ಸಾಲು ಮನೆಗಳಲ್ಲಿ ನಮ್ಮದೊಂದು. ಪಕ್ಕದ ಮನೆಗೂ ನಮಗೂ ನಡುವೆ ಇದ್ದದ್ದು ಬಿದಿರು ತಟ್ಟಿಯ ಗೋಡೆ. ಅಲ್ಲಿ ಮೆಣಸಿನಕಾಯಿ ಹುರಿದರೆ ಇಲ್ಲಿ ಸೀನು ಬರುತ್ತಿತ್ತು.

ಆ ಪಕ್ಕದ ಮನೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಕಾಮಸಮುದ್ರದ ಕಡೆಯ ಹಳ್ಳಿಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಮಕ್ಕಳಿರಲಿಲ್ಲ. ಊರಿನ ಮುನೇಶ್ವರನಿಗೆ ನಡೆದುಕೊಳ್ಳುವ ಜನ. ಅವಳ ಗಂಡನೂ ನಮ್ಮವರ ಹಾಗೆ ಬಂಡೆ ಕೊರೆಯುವವರೇ, ನನಗೆ ಭಾವ. ನನ್ನ ಗಂಡನನ್ನು ಅಕ್ಕ “ತಮ್ಮ” ಎಂದು ಕರೆಯುತ್ತಿದ್ದಳು, ಬಾಯಿಮಾತಿಗಲ್ಲ, ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಮೊದಲು ಅವರಿಗೇ ತೆಗೆದಿಡುವಷ್ಟು. ನಾನು ಪ್ರಾರ್ಥನೆಗೆ ಮೊಣಕಾಲೂರಿದರೆ ತಟ್ಟಿಯ ಆಚೆಯಿಂದ ರೇಗಿಸುತ್ತಿದ್ದಳು. “ನಂದೂ ಒಂದು ಅರ್ಜಿ ಸೇರ್ಸೆ. ನಮ್ಮೋನಿಗೆ ಬುದ್ಧಿ ಕೊಡು ಅಂತ ಏಳು. ಮುನೇಶ್ವರನ್ಗೆ ಏಳಿ ಏಳಿ ಸಾಕಾಯ್ತು.”

ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಇತ್ತು, ಹಬ್ಬದ ಶಿಫ್ಟು ಅಂತ. ಯುಗಾದಿ, ದೀಪಾವಳಿಗೆ ನಮ್ಮವರು ಭಾವನ ಬದಲು ಗಣಿಗೆ ಇಳಿಯುವರು. ಕ್ರಿಸ್‌ಮಸ್ಸಿಗೆ, ಶುಭ ಶುಕ್ರವಾರಕ್ಕೆ ಭಾವ ನಮ್ಮವರ ಬದಲು ಇಳಿಯುವರು. ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಇಳಿಯುವಾಗ ಗೇಟಿನಲ್ಲಿ ಒಪ್ಪಿಸುವ ನಂಬರಿನ ಹಿತ್ತಾಳೆ ಬಿಲ್ಲೆ ಮನೆಯಲ್ಲಿ ಉಳಿದವನದು, ಪುಸ್ತಕದಲ್ಲಿ ಹೆಸರೂ ಅವನದೇ. ಹೀಗೆ ಒಬ್ಬರ ದೇವರಿಗಾಗಿ ಇನ್ನೊಬ್ಬರು ಪಾತಾಳಕ್ಕೆ ಇಳಿದು ಬರುತ್ತಿದ್ದರು. ಎಷ್ಟು ಒಳ್ಳೆಯ ಜನ ನಾವು ಎಂದು ನನಗೆ ಒಳಗೊಳಗೇ ಹೆಮ್ಮೆ.

ನನ್ನ ಮೊದಲ ಬಸಿರಿನ ವರ್ಷ ಮಾತ್ರ ಶುಭ ಶುಕ್ರವಾರದ ಬದಲಿ ಇಲ್ಲ ಎಂದು ಮೊದಲೇ ಮಾತಾಗಿತ್ತು. ಅಕ್ಕನ ಒಡಹುಟ್ಟಿದ ತಮ್ಮನ ಮಗುವಿಗೆ ಮರುದಿನ ಶನಿವಾರ ನಾಮಕರಣ. ಗಂಡ ಹೆಂಡತಿ ಇಬ್ಬರೂ ಹಳ್ಳಿಗೆ ಹೋಗಬೇಕು, ಭಾವ ರಜೆ ಹಾಕಿದ್ದರು. ಅಕ್ಕ ಗುರುವಾರ ಮಧ್ಯಾಹ್ನವೇ ಬಸ್ಸು ಹತ್ತಿದಳು. ಭಾವ ಮರುದಿನ ಬೆಳಗಿನ ಬಸ್ಸಿಗೆ ಹೊರಡುವವರು. ಹೋಗುವಾಗ ಅಕ್ಕ ನನ್ನ ಎಂಟು ತಿಂಗಳ ಹೊಟ್ಟೆಯ ಮೇಲೆ ಕೈಯಾಡಿಸಿ, “ನಾನು ಬರೋಗಂಟ ಒಳಗೇ ಇರ್ಲಾ, ಆತುರ ಬೇಡ” ಎಂದು ಮಗುವಿಗೇ ಹೇಳಿ ಹೋದಳು.

ಆ ಸಂಜೆಯ ರೈಲಿಗೆ ಬಂಗಾರಪೇಟೆಯಿಂದ ಸುದ್ದಿ ಬಂತು. ಅಪ್ಪನಿಗೆ ಉಬ್ಬಸ ಹೆಚ್ಚಾಗಿದೆ, ನಾಳೆ ಮೂರು ಗಂಟೆಯ ಆರಾಧನೆಗೆ ಹೇಗಾದರೂ ದೇವಾಲಯಕ್ಕೆ ಕರೆದುಕೊಂಡು ಹೋಗಿ, ಮುಂದಿನ ವರ್ಷ ನಾನಿರುವುದಿಲ್ಲ ಎಂದು ಹಟ ಹಿಡಿದಿದ್ದಾನೆ ಅಂತ. ಅಲ್ಲಿ ಕರೆದೊಯ್ಯುವ ಗಂಡುಮಕ್ಕಳಿಲ್ಲ, ನಾನು ಈ ಸ್ಥಿತಿಯಲ್ಲಿ ಹೋಗುವ ಹಾಗಿಲ್ಲ. ನಮ್ಮವರು, ಶಿಫ್ಟಿದೆ, ಈಗ ಯಾರನ್ನು ಕೇಳೋಣ ಎಂದು ತಲೆ ಕೆರೆದುಕೊಂಡರು. ಅವರಿಗೆ ಸಂಕೋಚ. ನನಗೆಲ್ಲಿಯ ಸಂಕೋಚ? ಪಕ್ಕದ ಬಾಗಿಲಿಗೆ ಹೋಗಿ ನಿಂತೆ.

“ಭಾವ, ನಾಳೆ ಒಂದಿನ ಇವ್ರ ಬದ್ಲು ಇಳೀರಿ. ನಾಮಕರಣ ಇರೋದು ಶನಿವಾರ ತಾನೆ? ಸಂಜೆ ಬಸ್ಸಿಗೆ ಓಗಿ.”

“ನಿಮ್ಮಕ್ಕ ಬೆಳಗ್ಗೆ ಬಸ್ಸಿಗೆ ಕಾಯ್ತಾ ಇರ್ತಾಳೆ. ಬರ್ಲಿಲ್ಲ ಅಂದ್ರೆ ಕುಡ್ದು ಬಿದ್ದವ್ನೆ ಅಂತಾಳೆ” ಎಂದು ಭಾವ ನಕ್ಕರು. ಆಮೇಲೆ, “ಆಯ್ತು ಬಿಡಮ್ಮ. ಮುದುಕಪ್ಪನ ಆಸೆ. ನಾನು ಇಳೀತೀನಿ” ಎಂದರು.

ಕೇಳಿದವಳು ನಾನು. ಇದನ್ನು ಯಾರೂ ಯಾವತ್ತೂ ನನ್ನ ಮುಖಕ್ಕೆ ಹೇಳಲಿಲ್ಲ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಗಿನ ರೈಲಿಗೆ ನಮ್ಮವರು ಬಂಗಾರಪೇಟೆಗೆ ಹೋದರು. ಭಾವ ನಮ್ಮವರ ಬಿಲ್ಲೆ ಹಿಡಿದು ಗಣಿಗೆ ಹೋದರು. ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ನೆಲ ಒಂದು ಸಲ ಎತ್ತಿ ಹಾಕಿದಂತಾಯಿತು. ಗೂಡಿನಲ್ಲಿದ್ದ ತಟ್ಟೆ ಲೋಟಗಳೆಲ್ಲ ಕೆಳಗೆ ಬಿದ್ದವು. ಗಣಿಯ ಊರಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಆಳದಲ್ಲಿ ಬಂಡೆ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಏರ್‌ಬ್ಲಾಸ್ಟು ಎನ್ನುತ್ತಿದ್ದೆವು. ಯಾರೂ ಬತ್ತಿ ಹಚ್ಚುವುದಿಲ್ಲ, ಯಾರೂ ತಪ್ಪು ಮಾಡುವುದಿಲ್ಲ, ಸುಮ್ಮನೆ ಸಿಡಿಯುತ್ತದೆ. ಸಾಲಿನ ಹೆಂಗಸರೆಲ್ಲ ಇದ್ದ ಹಾಗೇ ಗಣಿಯ ಗೇಟಿಗೆ ಓಡಿದರು. ನಾನೂ ಹೊಟ್ಟೆ ಹಿಡಿದುಕೊಂಡು ನಡೆದೆ.

ಗೇಟಿನ ಮುಂದೆ ನೂರಾರು ಜನ. ತಮಿಳು, ತೆಲುಗು, ಕನ್ನಡ ಎಲ್ಲ ಭಾಷೆಯ ಅಳುವೂ ಒಂದೇ ಆಗಿತ್ತು. ನಾನು ಗೋಡೆಗೆ ಒರಗಿ ಕುಳಿತೆ. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು, ಸೆರಗು ಜಾರಿ, ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಅಕ್ಕ ಬಂದಳು. ಭಾವ ಬೆಳಗಿನ ಬಸ್ಸಿಗೆ ಬರಲಿಲ್ಲವೆಂದು ಸಿಟ್ಟಿನಲ್ಲಿ ಊರಿಂದ ಹೊರಟು ಬಂದಿದ್ದಳು. ಆಂಡರ್ಸನ್‌ಪೇಟೆಯಲ್ಲಿ ಬಸ್ಸಿಳಿದಾಗ ಸುದ್ದಿ ಕಿವಿಗೆ ಬಿದ್ದಿತ್ತು. ನೇರ ಬಂದದ್ದು ನನಗೋಸ್ಕರ.

“ಎದ್ರಬ್ಯಾಡ ಕಣೆ, ತಮ್ಮನಿಗೇನೂ ಆಗಿರಲ್ಲ. ಈ ಒಟ್ಟೇಲಿ ಯಾಕೆ ಬಂದೆ ನೀನು? ನಮ್ಮೋನು ಮನೇಲಿ ಬಿದ್ಕೊಂಡವ್ನಾ? ಇಂಥ ಒತ್ನಲ್ಲಿ ನಿನ್ನ ಒಬ್ಳನ್ನೇ ಬಿಟ್ಟವ್ನಲ್ಲ, ಅವನ್ಗೆ ಐತೆ” ಎನ್ನುತ್ತಾ ಪಕ್ಕದಲ್ಲಿ ಕುಳಿತು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆಗಲೇ ಹೇಳಬೇಕಿತ್ತು. ಒಳಗಿರುವವರು ಭಾವ ಅಂತ. ಎರಡೇ ಮಾತು. ಇನ್ನೊಂದು ಗಳಿಗೆ ನೋಡೋಣ, ಬದುಕಿದ್ದರೆ ಸುಮ್ಮನೆ ಯಾಕೆ ಹೆದರಿಸುವುದು ಎಂದುಕೊಂಡೆ. ಹಾಗೆಂದುಕೊಂಡೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆನೋ ಏನೋ.

ಗುಮಾಸ್ತನೊಬ್ಬ ಕಾಗದ ಹಿಡಿದು ಬಂದು ಸತ್ತವರ ನಂಬರು, ಹೆಸರು ಓದತೊಡಗಿದ. ಒಂದೊಂದು ಹೆಸರಿಗೆ ಒಂದೊಂದು ಕಡೆಯಿಂದ ಚೀತ್ಕಾರ. ನಾಲ್ಕನೆಯದು ನನ್ನ ಗಂಡನ ನಂಬರು, ನನ್ನ ಗಂಡನ ಹೆಸರು.

ನನ್ನ ಬಾಯಿಂದ ಬಂದ ಮಾತು “ಸ್ತೋತ್ರ ಕರ್ತನೇ” ಎಂಬುದು.

ದೇವರ ಉಪಕಾರಕ್ಕೆ ನಾವು ಹೇಳುವ ಮಾತು ಅದು, ಯೋಚಿಸಿ ಹೇಳಿದ್ದಲ್ಲ. ನಮ್ಮವರು ಬಂಗಾರಪೇಟೆಯಲ್ಲಿ ಅಪ್ಪನ ಪಕ್ಕ ದೇವಾಲಯದ ಬೆಂಚಿನ ಮೇಲೆ ಕುಳಿತಿದ್ದಾರೆ, ಸತ್ತವರ ಪಟ್ಟಿಯಲ್ಲಿ ಅವರ ಹೆಸರಿದೆ, ಅವರಿಲ್ಲ. ಮಾತು ಬಂದೇಬಿಟ್ಟಿತು. ಮಗು ಹೊಟ್ಟೆಯೊಳಗೆ ಒದೆಯಿತು. ಅಕ್ಕ ಮಾತ್ರ ಎದೆ ಎದೆ ಬಡಿದುಕೊಂಡು ಗೋಳಿಟ್ಟಳು. “ಅಯ್ಯೋ ನನ್ ತಮ್ಮ, ಕೂಸಿನ ಮುಖ ನೋಡ್ದಂಗೆ ಓದೆಯಲ್ಲೋ. ಇವ್ಳನ್ನ ಯಾರ ಕೈಗೆ ಕೊಟ್ಟು ಓದೆಯೋ” ಎಂದು ನನ್ನ ಗಂಡನ ಗುಣವನ್ನೆಲ್ಲ ಆಡಿಕೊಂಡು ಅತ್ತಳು. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಕೈ ನನ್ನ ಹೊಟ್ಟೆಯ ಮೇಲಿತ್ತು. ಯಾರೋ ನೀರು ತಂದರು. ನಾನು ಕುಡಿದೆ. ಸುತ್ತ ನಿಂತವರು, ಗಾಬರಿಗೆ ಬಾಯಿ ಬಿದ್ದೋಗೈತೆ ಪಾಪ ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಹೀಗೆ ಒಂದು ಗಂಟೆ. ಒಂದು ಗಂಟೆ ಆ ಹೆಂಗಸು ತನ್ನ ಗಂಡ ಸತ್ತಾಗ ನನ್ನ ಗಂಡನಿಗಾಗಿ ಅತ್ತಳು, ನಾನು ಅವಳನ್ನು ಅಳಲು ಬಿಟ್ಟೆ.

ಕೊನೆಗೆ ಆಳುಗಳನ್ನು ಎತ್ತಿಳಿಸುವ ಕೇಜಿನಲ್ಲಿ ಮೇಲೆ ಬಂದ ಮೇಸ್ತ್ರಿ ಮೈಯೆಲ್ಲ ಧೂಳಾಗಿ ನಮ್ಮ ಮುಂದೆ ನಿಂತ. ಅಕ್ಕನ ಮುಖ ನೋಡಿ, ತಲೆ ತಗ್ಗಿಸಿ, “ಇವತ್ತು ಬದ್ಲಿ ಇಳಿದಿದ್ದು ನಿಮ್ಮೋರು ಕಣಮ್ಮ” ಎಂದ.

ಅಕ್ಕ ಅಳು ನಿಲ್ಲಿಸಿದಳು. ನನ್ನ ತಲೆಯನ್ನು ತೊಡೆಯಿಂದ ಮೆಲ್ಲಗೆ ಎತ್ತಿ, ತನ್ನ ಬಟ್ಟೆಗಂಟನ್ನು ಎಳೆದು ಅದರ ಮೇಲೆ ಇಟ್ಟಳು. ಆಮೇಲೆ ಎದ್ದು ಗೇಟಿನ ಕಡೆ ಹೋದಳು.

ಸಂಜೆಯ ರೈಲಿಗೆ ನಮ್ಮವರು ಬಂದರು. ಸ್ಟೇಷನ್ನಿನಲ್ಲಿ ಗುರುತಿನವರು ಅವರನ್ನು ಕಂಡು ಹಿಂದಕ್ಕೆ ಸರಿದರಂತೆ. ಮರುದಿನ ಅವರು ಗಣಿಯ ಆಫೀಸಿಗೆ ಹೋಗಿ, ಇದು ನಾನು, ಬದುಕಿದ್ದೇನೆ, ಸತ್ತವನು ಇಂಥವನು ಎಂದು ಹೇಳಿ ಹೆಸರು ತಿದ್ದಿಸಿ ಬಂದರು. ಬಂದವರು ಊಟಕ್ಕೆ ಕೂರಲಿಲ್ಲ. ಈಸ್ಟರ್ ಆರಾಧನೆಗೂ ಬರಲಿಲ್ಲ. “ಅವನ ಎದ್ರಿಗೆ ಯಾವ ಮುಖ ಇಟ್ಕೊಂಡು ನಿಲ್ಲಲಿ?” ಎಂದರು. ಅವನು ಎಂದದ್ದು ದೇವರನ್ನೋ ಭಾವನನ್ನೋ ನಾನು ಕೇಳಲಿಲ್ಲ.

ನನಗೆ ಹೆರಿಗೆಯಾದಾಗ ಅಕ್ಕ ಬಂದಳು. ಕರೆಯದೆ ಬಂದಳು. ಬಂದು ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದಳು, ನನಗೆ ಬಾಣಂತಿ ಖಾರ ಅರೆದಳು. ಕೆಲಸ ಮುಗಿಸಿ ತನ್ನ ಮನೆಗೆ ಹೋದ ಮೇಲೆ ತಟ್ಟಿಯ ಆಚೆಯಿಂದ ಒಂದು ಸದ್ದೂ ಇರುತ್ತಿರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗಾಬರಿಗೆ ನನಗೆ ಬಾಯಿ ಬಿದ್ದಿತ್ತು ಎಂದು ಅವಳೂ ನಂಬಿದ್ದಾಳೆ, ಅದಕ್ಕೇ ನನ್ನ ಕೂಸನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ನಿಜ ಹೇಳಿದರೆ ಅವಳು ಹೋಗುತ್ತಾಳೆ, ಹೇಳದಿದ್ದರೆ ನಾನು ಕಳ್ಳಿ.

ಆ ದಿನಗಳಲ್ಲೇ ಪಾದ್ರಿಯವರು ಮನೆಗೆ ಬಂದರು. ಬೇರೆ ಊರಿನವರು, ಕನ್ನಡ ಪುಸ್ತಕದ ಹಾಗೆ ಮಾತಾಡುವವರು, ಒಳ್ಳೆಯ ಮನುಷ್ಯ. ಕೂಸಿಗೆ ದೀಕ್ಷಾಸ್ನಾನದ ಭಾನುವಾರ ಗೊತ್ತುಮಾಡಿ, “ಆ ದಿನ ನೀವು ಸಭೆಯ ಮುಂದೆ ಸಾಕ್ಷಿ ಹೇಳಬೇಕಮ್ಮ. ದೇವರು ನಿಮ್ಮ ಯಜಮಾನರನ್ನು ಆಶ್ಚರ್ಯಕರವಾಗಿ ಕಾಪಾಡಿದ್ದಾನೆ. ಅದಕ್ಕಾಗಿ ಸ್ತೋತ್ರ ಸಲ್ಲಿಸಬೇಕು” ಎಂದರು.

ಸ್ತೋತ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಮೈ ಉರಿಯಿತು. ಮುಚ್ಚಿಕೊಂಡಿದ್ದ ಬಾಯಿ ಬಿಚ್ಚಿಕೊಂಡಿತು.

“ಅಯ್ಯನೋರೇ, ನಮ್ಮೋರನ್ನ ಕಾಪಾಡ್ದ, ಸರಿ. ಪಕ್ಕದ ಮನೆಯೋರನ್ನ ಯಾಕೆ ಕಾಪಾಡ್ಲಿಲ್ಲ? ಕೈ ಸಾಲ್ಲಿಲ್ವಾ, ಮನಸ್ಸು ಬರ್ಲಿಲ್ವಾ?”

ಅವರು ಬೆಚ್ಚಿ ನೋಡಿದರು. ಆದಿಯಲ್ಲಿ ಮನುಷ್ಯ ಮಾಡಿದ ಪಾಪದಿಂದ ಲೋಕಕ್ಕೆ ಮರಣ ಬಂತು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತಲ್ಲ ಎಂದೆ. ದೇವರು ಮನುಷ್ಯನಿಗೆ ಸ್ವಂತ ಇಚ್ಛೆ ಕೊಟ್ಟಿದ್ದಾನೆ, ಅದನ್ನು ಕೆಟ್ಟದ್ದಕ್ಕೆ ಬಳಸುವುದರಿಂದಲೇ ಕೇಡು ಹುಟ್ಟುತ್ತದೆ ಎಂದರು. ಕೊಲೆ ಕಳ್ಳತನಕ್ಕೆ ಅದು ಸರಿ, ಇದಕ್ಕೆ? “ಸಿಡಿದಿದ್ದು ಬಂಡೆ ಅಯ್ಯನೋರೇ. ಬಂಡೆಗೆ ಯಾವ ಇಚ್ಛೆ? ಅದನ್ನ ಮಾಡ್ದೋನು ಯಾರು?” ಎಂದೆ. ಅವರು ಹಣೆ ಒರೆಸಿಕೊಂಡು, ಹಿಂದೆ ಒಬ್ಬ ಭಕ್ತ ಮಕ್ಕಳನ್ನೂ ದನಕರುಗಳನ್ನೂ ಕಳೆದುಕೊಂಡು ನಂಬಿಕೆ ಬಿಡಲಿಲ್ಲ, ದೇವರು ಅವನಿಗೆ ಮತ್ತೆ ಅಷ್ಟೇ ಮಕ್ಕಳನ್ನು ಕೊಟ್ಟ ಎಂದು ಕಥೆ ಹೇಳಿದರು. ನಾನು ಚಿಕ್ಕಂದಿನಿಂದ ಕೇಳಿದ ಕಥೆಯೇ. ಆವತ್ತು ಮೊದಲ ಸಲ ಹೊಳೆಯಿತು. “ಮೊದ್ಲು ಸತ್ತ ಮಕ್ಕಳು ಏನು ಮಾಡಿದ್ವು? ಅವರ ಅಮ್ಮ ಏನಂದ್ಲು? ಒಂದು ತಟ್ಟೆ ಒಡೀತು, ಇನ್ನೊಂದು ತಗೋ ಅಂದಂಗಾ?”

ಪಾದ್ರಿಯವರು ನನ್ನನ್ನು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

“ಆ ಮಧ್ಯಾಹ್ನ ನಾನು ದೇವಾಲಯದಲ್ಲಿ ಕರ್ತನು ಶಿಲುಬೆಯ ಮೇಲೆ ಪಟ್ಟ ಶ್ರಮೆಯ ಬಗ್ಗೆಯೇ ಪ್ರಸಂಗ ಮಾಡುತ್ತಿದ್ದೆ. ನೆಲ ನಡುಗಿತು. ನಾನು ನಿಲ್ಲಿಸಲಿಲ್ಲ. ದೇವರು ತಾನೇ ಮನುಷ್ಯನ ಜೊತೆ ನೋವು ತಿಂದ, ಅಷ್ಟು ಗೊತ್ತಮ್ಮ ನನಗೆ. ಯಾಕೆ ತಡೆಯಲಿಲ್ಲ ಅನ್ನುವುದು ಗೊತ್ತಿಲ್ಲ” ಎಂದರು. ಬಾಗಿಲ ತನಕ ಹೋಗಿ ತಿರುಗಿದರು. “ಆದರೂ ಉಳಿದ ಜೀವಕ್ಕೆ ಸ್ತೋತ್ರ ಹೇಳದೆ ಇರುವುದು ಹೇಗೆ? ಯೋಚನೆ ಮಾಡಿ.”

ಯೋಚನೆ ಮಾಡಿದೆ. ದೀಕ್ಷಾಸ್ನಾನದ ಭಾನುವಾರ ಬೆಳಗಿನ ಬಸ್ಸಿಗೇ ಅಕ್ಕ ಗಣಿಯವರು ಕೊಟ್ಟಿದ್ದ ಮನೆ ಖಾಲಿ ಮಾಡಿ ಹಳ್ಳಿಗೆ ಹೊರಡುವವಳಿದ್ದಳು. ಅವಳಿಗೆ ಹೇಳದೆ ಸಭೆಯ ಮುಂದೆ ಬಾಯಿ ತೆರೆದರೆ ಅದಕ್ಕಿಂತ ಹೊಲಸು ಕೆಲಸ ಬೇರೆ ಇಲ್ಲ ಅನ್ನಿಸಿತು. ಶನಿವಾರ ಸಂಜೆ ಕೂಸನ್ನು ಎತ್ತಿಕೊಂಡು ಹೋದೆ. ಅಕ್ಕ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

“ಅಕ್ಕ, ಆವತ್ತು ಗೇಟಿನತ್ರ ನನಗೆ ಬಾಯಿ ಬಿದ್ದಿರ್ಲಿಲ್ಲ. ಒಳಗಿರೋರು ಭಾವ ಅಂತ ಗೊತ್ತಿತ್ತು. ಅವರನ್ನ ಇಳೀರಿ ಅಂತ ಕೇಳ್ದೋಳೂ ನಾನೇ. ನಮ್ಮೋರ ಎಸ್ರು ಓದ್ದಾಗ ನಾನು ದೇವ್ರಿಗೆ ಸ್ತೋತ್ರ ಏಳ್ದೆ. ನಿನ್ನ ಎದೆಗೆ ಒರಗ್ಕೊಂಡು ಏಳ್ದೆ” ಎಂದೆ. ಅವಳು ಎದ್ದು ಬಂದು ಹೊಡೆದರೂ ಸೈ ಎಂದು ನಿಂತೆ.

ಅಕ್ಕ ಚೀಲದ ಬಾಯಿ ಬಿಗಿಯುತ್ತಲೇ ಇದ್ದಳು.

“ಕೇಳಿಸ್ತು ಕಣೆ. ನಿನ್ನ ಬಾಯಿ ನನ್ನ ಕಿವಿ ಪಕ್ಕದಲ್ಲೇ ಇತ್ತು” ಎಂದಳು. “ಗಂಡ ಸತ್ತೋಳು ಯಾವಳಾದ್ರೂ ಸ್ತೋತ್ರ ಅಂತಾಳಾ? ಆಗ್ಲೇ ಗೊತ್ತಾಯ್ತು ಒಳಗೆ ಯಾರವ್ರೆ ಅಂತ. ನಮ್ಮೋನು ಬೆಳಗ್ಗೆ ಬಸ್ಸಿಗೆ ಯಾಕೆ ಬರ್ಲಿಲ್ಲ ಅನ್ನೋದೂ ಗೊತ್ತಾಯ್ತು.”

ಕೂಸಿನೊಂದಿಗೆ ಬಾಗಿಲಲ್ಲೇ ಕುಳಿತೆ. “ಗೊತ್ತಾದ್ಮೇಲೆ ಯಾಕಕ್ಕ ನಮ್ಮೋರಿಗೆ ಅತ್ತೆ?”

“ಯಾಕೆ ಅಂದ್ರೆ? ನಾನು ತಮ್ಮನಿಗೆ ಅಳ್ತಾ ಇರೋಗಂಟ ನಮ್ಮೋನು ಬದ್ಕಿರ್ತಾನೆ ಅನ್ನಿಸ್ತು. ಅಳು ನಿಲ್ಸಿದ್ರೆ ಸತ್ತೋಗ್ತಾನೆ ಅನ್ನಿಸ್ತು. ಅದಕ್ಕೇ ನಿಲ್ಲಿಸ್ಲಿಲ್ಲ. ಒಳಗೊಳಗೇ ಮುನೇಶ್ವರನ್ನ ಕೇಳ್ಕೊಂಡೆ. ಕಾಗದದಲ್ಲಿ ಇರೋ ಎಸ್ರೇ ನಿಜ ಆಗ್ಲಪ್ಪಾ, ಓಗಿರೋನು ತಮ್ಮನೇ ಆಗಿರ್ಲಿ ಅಂತ. ಒಂದು ಗಂಟೆ ಕೇಳ್ಕೊಂಡೆ. ನಿನ್ನ ಒಟ್ಟೆ ಮೇಲೆ ಕೈ ಇಟ್ಕೊಂಡೇ ಕೇಳ್ಕೊಂಡೆ.”

ಅವಳ ದನಿ ಏರಲಿಲ್ಲ. ನನಗೆ ಕೂಸನ್ನು ಎದೆಗೆ ಅವಚಿಕೊಳ್ಳಬೇಕು ಅನ್ನಿಸಿತು, ಅವಚಿಕೊಂಡೆ. ಅದನ್ನು ಅವಳು ನೋಡಿದಳು.

“ಆಮ್ಯಾಕೆ ಬಂದು ಕೂಸಿಗೆ ನೀರೆರೆದಿದ್ದು ಪ್ರೀತಿಗೆ ಅಂದ್ಕೊಂಡ್ಯಾ? ಪ್ರೀತಿನೂ ಐತೆ. ಭಯಾನೂ ಐತೆ. ಮುನೇಶ್ವರ ನನ್ನ ಮಾತು ಕೇಳಿದ್ರೆ ಇದಕ್ಕೆ ಅಪ್ಪ ಇರ್ತಿರ್ಲಿಲ್ಲ. ಕೇಳ್ಲಿಲ್ಲ, ನನಗೆ ಗಂಡ ಇಲ್ಲ. ಯಾರ ಮಾತು ಯಾವ ದೇವ್ರು ಕೇಳಿದ್ರೂ ಒಬ್ಳು ಗೋಣಿಚೀಲ ಕಟ್ಲೇಬೇಕಿತ್ತು” ಎಂದು ಹೇಳಿ ಕೈ ಚಾಚಿದಳು. “ಕೊಡಿಲ್ಲಿ ಕೂಸ್ನ. ನಾಳೆಯಿಂದ ಸಿಗಲ್ಲ.”

ಕೊಟ್ಟೆ.

ಮರುದಿನ ಬೆಳಿಗ್ಗೆ ನಮ್ಮವರು ಅವಳ ಚೀಲಗಳನ್ನು ಹೊತ್ತು ಆಂಡರ್ಸನ್‌ಪೇಟೆಯ ತನಕ ಹೋಗಿ ಬಸ್ಸು ಹತ್ತಿಸಿ, ಅಲ್ಲಿಂದ ನೇರ ದೇವಾಲಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಕೂಸಿನ ತಲೆಗೆ ನೀರು ಹಾಕಿದ್ದಾಯಿತು. ಪಾದ್ರಿಯವರು ನನ್ನನ್ನು ನೋಡಿ ತಲೆಯಾಡಿಸಿದರು. ಎದ್ದು ನಿಂತೆ. ನಾನು ಸ್ತೋತ್ರ ಎಂದರೆ ಎಲ್ಲರೂ ಒಟ್ಟಿಗೆ ಸ್ತೋತ್ರ ಎನ್ನಲು ತಯಾರಾಗಿ ಕುಳಿತಿದ್ದರು.

“ಶುಭ ಶುಕ್ರವಾರ ನಮ್ಮ ಯಜಮಾನರ ಬದಲು ಪಕ್ಕದ ಮನೆಯವರು ಗಣಿಗೆ ಇಳಿದರು. ನಾನೇ ಕಳಿಸಿದ್ದು. ಅವರು ಸತ್ತರು. ಅವರ ಹೆಂಡತಿ ಈಗ ಬಸ್ಸಿನಲ್ಲಿದ್ದಾಳೆ” ಎಂದೆ.

ಅದರ ಮುಂದಿನ ಮಾತಿಗೆ ಜನ ಕಾದರು. ಪಾದ್ರಿಯವರೂ ಕಾದರು. ನಾನೂ ನಿಂತು ಕಾದೆ; ಸ್ತೋತ್ರ ಬರಲಿಲ್ಲ. ಕೂಸು ಅಳತೊಡಗಿತು, ಎತ್ತಿಕೊಂಡು ಕುಳಿತುಬಿಟ್ಟೆ.